ಅಲ್ಲಾಡಿಸಿ ನೋಡಿದ ಮನೆ

"ಒದಿ," ಎಂದ ಅಣ್ಣ.

"ಒದೆಯಲ್ಲ," ಎಂದಳು ಬೀಗದಕ್ಕ. ಅವಳ ಎಡ ಹೆಗಲು ಬಾಗಿಲಿಗೆ ಒತ್ತಿಕೊಂಡಿತ್ತು, ಬಲಗೈ ಕೀಲಿಕೈಯ ಮೇಲಿತ್ತು, ಒಂದು ಕಾಲು ಮೆಟ್ಟಿಲ ಮೇಲಿತ್ತು. ಇನ್ನೊಂದು ಕಾಲಿಡಲು ಜಾಗವಿರಲಿಲ್ಲ, ಆ ಜಾಗದಲ್ಲಿ ಅಣ್ಣ ನಿಂತಿದ್ದ.

"ಒದ್ದರೆ ತೆಗೆದುಕೊಳ್ಳುತ್ತೆ ಪುಟ್ಟಿ. ಮರ ಉಬ್ಬಿದೆ ಅಷ್ಟೆ."

"ಉಬ್ಬಿದೆ ಅಂತ ನನಗೂ ಗೊತ್ತು. ನೀನು ಎರಡು ಮೆಟ್ಟಿಲು ಕೆಳಗಿಳಿ."

"ಊರಿಗೆಲ್ಲ ಬಾಗಿಲು ತೆಗೆದುಕೊಡೋಳು ನೀನು. ನಿನ್ನ ಮನೆ ಬಾಗಿಲೇ ನಿನ್ನ ಮಾತು ಕೇಳಲ್ಲ ನೋಡು."

ಈ ಮಾತನ್ನು ಅವನು ಕೆಳಗಿನ ಮೆಟ್ಟಿಲಿನಿಂದಲೇ ಬಾಯಲ್ಲಿಟ್ಟುಕೊಂಡು ಹತ್ತಿದ್ದ ಎಂಬುದು ಅವಳಿಗೆ ಗೊತ್ತಿತ್ತು. ಆಡದೆ ಬಿಟ್ಟಿದ್ದರೆ ಅವನಿಗೆ ಹೊಟ್ಟೆ ಉಬ್ಬರಿಸುತ್ತಿತ್ತು.

ಬೀದಿಯವರೆಲ್ಲ ಅವಳನ್ನು ಬೀಗದಕ್ಕ ಎಂದೇ ಕರೆಯುತ್ತಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ಹಗಲೆಲ್ಲ ಕೆಳಗೆ ಬೇರೆಯವರ ಬಾಗಿಲುಗಳಿಗೆ ಕೀಲಿ ಕೊರೆಯುವುದು, ರಾತ್ರಿ ಮೇಲೆ ಹೋಗಿ ತನ್ನ ಬಾಗಿಲು ಹಾಕಿಕೊಂಡು ಮಲಗುವುದು. ಪುಟ್ಟಿ ಎಂದು ಕರೆಯಲು ಈ ಭೂಮಿಯ ಮೇಲೆ ಉಳಿದಿದ್ದವನು ಅಣ್ಣನೊಬ್ಬನೇ. ತಂಗಿಯ ತಲೆಗೂದಲು ಅರ್ಧ ಬೆಳ್ಳಗಾದದ್ದು ಅವನ ಗಮನಕ್ಕೆ ಬಂದಿರಲಿಲ್ಲ. ಬಂದಿದ್ದರೂ ಅದನ್ನು ಅವನು ಒಪ್ಪಿಕೊಂಡಿರಲಿಲ್ಲ.

ಬಿರುಗಾಳಿ ಹಿಂದಿನ ಸಂಜೆಯಿಂದ ಬೆಳಗಿನ ಜಾವದವರೆಗೆ ಊರನ್ನು ಹಿಡಿದು ಜಾಡಿಸಿತ್ತು. ಅಷ್ಟೂ ಹೊತ್ತು ಅವಳು ಅಂಗಡಿಯ ಷಟರಿಗೆ ಬೆನ್ನು ಕೊಟ್ಟು ಕೂತಿದ್ದಳು. ಹಲಗೆಗೆ ನೇತುಹಾಕಿದ್ದ ಕೀಲಿಗಳೆಲ್ಲ ಒಟ್ಟಿಗೆ ಹಲ್ಲು ಕಡಿಯುತ್ತಿದ್ದವು. ಕೀಲಿ ಕೊರೆಯುವ ಯಂತ್ರಕ್ಕೆ ತನ್ನ ಮಳೆಕೋಟು ಹೊದಿಸಿದ್ದಳು. ತಾನು ತೊಯ್ದು ತೊಪ್ಪೆಯಾದಳು, ಯಂತ್ರದ ಮೇಲೆ ಒಂದು ಹನಿ ಬೀಳಲಿಲ್ಲ. ಗಾಳಿ ನಿಂತ ಮೇಲೆ ಅವಳಿಗೆ ಬೇಕಾಗಿದ್ದದ್ದು ಒಂದು ಲೋಟ ಚಹಾ, ಒಂದು ಒಣ ಸೀರೆ, ತನ್ನ ಹಾಸಿಗೆ. ಷಟರು ಎತ್ತಿದಾಗ ಸಿಕ್ಕಿದ್ದು ಅಣ್ಣ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕಡ್ಡಿ ಮುರಿದ ಉದ್ದನೆಯ ಕೊಡೆ, ಮೊಣಕಾಲಿನವರೆಗೆ ಕೆಸರು. ಅರ್ಧ ಊರು ನಡೆದುಕೊಂಡು ಬಂದಿದ್ದ.

"ಫೋನ್ ಹೋಗ್ತಾನೇ ಇಲ್ಲ," ಎಂದಿದ್ದ. ತಂಗಿಯನ್ನು ತಲೆಯಿಂದ ಕಾಲಿನವರೆಗೆ ನೋಡಿ, ತೋಳು ಹಿಡಿದು ಒಮ್ಮೆ ಅಲ್ಲಾಡಿಸಿ, ಎಲ್ಲೂ ಏನೂ ಮುರಿದಿಲ್ಲವೆಂದು ಖಾತ್ರಿ ಮಾಡಿಕೊಂಡಿದ್ದ. ಆಮೇಲೆ, "ನಡಿ, ಮನೆ ಚೆಕ್ ಮಾಡೋಣ."

ಎದುರುಮನೆಯ ದರ್ಜಿ ಕಿಟಕಿಯಲ್ಲಿ ನಿಂತು ನೆನೆದ ಬಟ್ಟೆ ಹಿಂಡುತ್ತಿದ್ದವನು ಅಣ್ಣನನ್ನು ನೋಡಿ, "ಅಯ್ಯೋ ಬೀಗದಕ್ಕಾ, ಬಿರುಗಾಳಿ ಹೋಯ್ತು ಅಂದ್ಕೊಂಡಿದ್ನಲ್ಲಾ!" ಎಂದು ಕೂಗಿದ್ದ.

ಅವನೇ ಇನ್ನೊಂದು ಸುದ್ದಿಯನ್ನೂ ಕೂಗಿದ್ದ. ನಗರಸಭೆಯ ಇಂಜಿನಿಯರಮ್ಮ ಬೀದಿಯ ಆ ತುದಿಯಿಂದ ಮನೆಮನೆ ನೋಡುತ್ತಾ ಬರುತ್ತಿದ್ದಾಳೆ. ಗಟ್ಟಿಯಿರುವ ಮನೆಯ ಬಾಗಿಲಿಗೆ ಹಸಿರು ಗೀಟು, ಇಲ್ಲದ್ದಕ್ಕೆ ಕೆಂಪು. ಕೆಂಪು ಬಿದ್ದರೆ ಕತ್ತಲಾಗುವುದರೊಳಗೆ ಮನೆ ಖಾಲಿ ಮಾಡಬೇಕು. "ಮೇಲೆ ಕೆಂಪು ಬಿದ್ರೆ ಕೆಳಗಿನ ಅಂಗಡಿಗೂ ಬೀಗವಂತೆ ಅಕ್ಕಾ. ಬೀಗದಂಗಡಿಗೇ ಬೀಗ!" ಎಂದು ನಕ್ಕಿದ್ದ. ಅವನ ಮನೆಗೆ ಆಗಲೇ ಹಸಿರು ಬಿದ್ದಿತ್ತು. ಹಸಿರು ಬಿದ್ದವರಿಗೆ ಎಲ್ಲದಕ್ಕೂ ನಗು ಬರುತ್ತದೆ.

ಬೀಗದಕ್ಕ ಈಗ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ತೆಗೆದು ಬಾಗಿಲಿಗೂ ಚೌಕಟ್ಟಿಗೂ ನಡುವೆ ತೂರಿಸಿದಳು. ಮೇಲಿಂದ ಕೆಳಕ್ಕೆ ಎಳೆಯುತ್ತಾ ಬಂದಳು. ಉಬ್ಬಿದ ಮರ ಒಂದೊಂದೇ ಗೇಣು ಹಿಡಿತ ಬಿಡುತ್ತಿತ್ತು. ಇನ್ನೊಂದು ಗೇಣು ಉಳಿದಿತ್ತು, ಅಷ್ಟರಲ್ಲಿ ಅವಳ ಕಿವಿಯ ಪಕ್ಕದಿಂದ ಅಣ್ಣನ ಕಾಲು ಬಂತು.

ಬಾಗಿಲು ತೆರೆಯಿತು. ಮೇಲಿನ ತಿರುಗಣಿಯೂ ಸ್ಕ್ರೂ ಸಮೇತ ಕಿತ್ತುಬಂತು.

"ನೋಡಿದ್ಯಾ, ಹೇಳಲಿಲ್ವಾ?" ಎಂದ ಅಣ್ಣ.

ಬೀಗದಕ್ಕ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಆಮೇಲೆ ಒಳಗೆ ಹೋದಳು.

ನಾಲ್ಕು ಹೆಜ್ಜೆಗೇ ಅವಳ ಎದೆ ಹಗುರಾಯಿತು. ಮುಂದಿನ ಕೋಣೆಯ ಕಿಟಕಿಯ ಒಂದು ಗಾಜು ಹೋಗಿತ್ತು. ಅದರ ಕೆಳಗೆ ನೆಲ ಒದ್ದೆಯಾಗಿತ್ತು. ಹಾಸಿಗೆ ಒಣಗಿಯೇ ಇತ್ತು! ಕಪಾಟು ನಿಂತಲ್ಲೇ ನಿಂತಿತ್ತು. ಹಿಂದಿನ ಅಡುಗೆಮನೆಗೆ ಹೋಗಿ ನೋಡಿದಳು: ಮೇಲಿನ ತಗಡಿನ ಒಂದು ಅಂಚು ಎದ್ದು ಅಲ್ಲಿಂದ ಅಂಗೈಯಗಲ ಆಕಾಶ ಕಾಣುತ್ತಿತ್ತು, ಒಲೆಯ ಮೇಲಿಟ್ಟಿದ್ದ ಪಾತ್ರೆಯಲ್ಲಿ ಒಂದಿಷ್ಟು ಮಳೆನೀರು ನಿಂತಿತ್ತು. ಅಷ್ಟೆ. ಇಡೀ ಬಿರುಗಾಳಿ ಅವಳಿಂದ ತೆಗೆದುಕೊಂಡು ಹೋದದ್ದು ಒಂದು ಗಾಜು, ಒಂದು ತಗಡಿನ ತುದಿ. ಅವಳಿಗೆ ಆ ಪಾತ್ರೆಯನ್ನು ಎತ್ತಿಕೊಂಡು ಕುಣಿಯಬೇಕೆನ್ನಿಸಿತು.

"ಏನೂ ಆಗಿಲ್ಲ ಅಣ್ಣಾ," ಎಂದಳು. "ಹಸಿರೇ."

"ಕಣ್ಣಿಗೆ ಕಾಣೋದು ಲೆಕ್ಕಕ್ಕಿಲ್ಲ ಪುಟ್ಟಿ," ಎಂದ ಅಣ್ಣ, ಕೊಡೆಯನ್ನು ಗೋಡೆಗೆ ಒರಗಿಸಿ ಅಂಗಿಯ ತೋಳು ಮಡಿಸುತ್ತಾ. "ಅಲ್ಲಾಡಿಸಿ ನೋಡಬೇಕು."

ಅವಳು ಅಡುಗೆಮನೆಯಿಂದ ದಡಬಡನೆ ಹೊರಬಂದಳು.

ಅಣ್ಣ ತನ್ನ ಸರ್ವೀಸಿನಷ್ಟೂ ಕಾಲ ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಮಾಲು ತಪಾಸಣೆ ಮಾಡಿದವನು. ಬಂದ ಪೆಟ್ಟಿಗೆಯನ್ನು ಎತ್ತಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಒಡೆದಿದ್ದರೆ ಅದು ಹೊರಗೆ ಸದ್ದು ಮಾಡುತ್ತದೆ. ಪೆಟ್ಟಿಗೆಗೆ ಮೇಲೆ ಗೀರೂ ಇರುವುದಿಲ್ಲ, ಒಳಗೆ ಎಲ್ಲ ಚೂರು. ಇಂಥ ನೂರು ಕಥೆಗಳು ಅವನ ಹತ್ತಿರ ಇದ್ದವು, ಎಲ್ಲವೂ ಅವನು ಕಿವಿಯೊಡ್ಡುವುದರಲ್ಲೇ ಮುಗಿಯುತ್ತಿದ್ದವು. ನಿವೃತ್ತಿಯ ದಿನ ಆಫೀಸಿನವರು ಅವನಿಗೆ ಗೋಡೆ ಗಡಿಯಾರ ಕೊಟ್ಟರು. ಅದನ್ನೂ ಅಲ್ಲಾಡಿಸಿ ನೋಡಿದ್ದ. ಅಂದಿನಿಂದ ಅದು ಹತ್ತು ನಿಮಿಷ ಹಿಂದೆ ನಡೆಯುತ್ತಿತ್ತು. ಕೆಲಸ ಬಿಟ್ಟ ಮೇಲೆ ಪೆಟ್ಟಿಗೆಗಳು ಬರುವುದು ನಿಂತಿತು, ಕೈ ನಿಲ್ಲಲಿಲ್ಲ.

"ಅದು ಪಾರ್ಸೆಲ್ಲು, ಇದು ಮನೆ," ಎಂದಳು.

"ಎರಡಕ್ಕೂ ಒಂದೇ ನಿಯಮ."

"ಅಣ್ಣಾ, ಇಂಜಿನಿಯರಮ್ಮ ಈಗ ಬರ್ತಾಳೆ. ಅವಳು ನೋಡಲಿ. ನೀನು ಇಲ್ಲಿ ಕೂತ್ಕೋ, ನಾನು ಚಹಾ ಇಡ್ತೀನಿ. ಏನನ್ನೂ ಮುಟ್ಟಬೇಡ."

"ಮುಟ್ಟದೇ ಹೇಗೆ ಗೊತ್ತಾಗುತ್ತೆ? ಅವಳಾದರೂ ಬಂದು ಮೇಲೆ ಕೆಳಗೆ ನೋಡಿ ಗೀಟು ಎಳೆದು ಹೋಗ್ತಾಳೆ. ನಾಳೆ ನೀನು ಮಲಗಿದ್ದಾಗ ತಲೆ ಮೇಲೆ ಬಿದ್ದರೆ? ಆ ಇಂಜಿನಿಯರಮ್ಮ ಬರ್ತಾಳಾ ಎತ್ತೋಕೆ?" ಅವನು ಆಗಲೇ ಬಾಲ್ಕನಿಗೆ ಹೋಗಿ ಕಬ್ಬಿಣದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. "ಸುಮ್ನೆ ನಮ್ಮನೆಗೆ ಬಂದುಬಿಡು. ಹಿಂದಿನ ಕೋಣೆ ಖಾಲಿ ಇದೆ."

ಹಿಂದಿನ ಕೋಣೆ.

ಗಂಡನ ಮನೆ ಬಿಟ್ಟು ಬಂದ ಮೇಲೆ ಅವಳು ಆ ಕೋಣೆಯಲ್ಲಿ ಎಷ್ಟೋ ವರ್ಷ ಇದ್ದವಳು. ಊಟಕ್ಕೆ ಕೊರತೆಯಿಲ್ಲ, ಬಟ್ಟೆಗೆ ಕೊರತೆಯಿಲ್ಲ, ಒಂದು ಕೆಟ್ಟ ಮಾತಿಲ್ಲ. ಆದರೆ ಆ ಕೋಣೆಯ ಬಾಗಿಲಿಗೆ ಒಳಚಿಲಕ ಇರಲಿಲ್ಲ. ಹಾಕಿಸು ಎಂದರೆ, "ನಮ್ಮ ಮನೇಲಿ ನಮಗೇ ಚಿಲಕ ಯಾಕೆ ಪುಟ್ಟಿ?" ಎಂದು ಅಣ್ಣ ನಿಜವಾಗಿಯೂ ಅರ್ಥವಾಗದೆ ಕೇಳುತ್ತಿದ್ದ. ಮಲಗುವ ಮುಂಚೆ ಒಮ್ಮೆ, ಮಲಗಿದ ಮೇಲೆ ಒಮ್ಮೆ ಬಾಗಿಲು ತಳ್ಳಿಕೊಂಡು ಬಂದು ಕಿಟಕಿ ಭದ್ರವಾಗಿದೆಯೇ ಎಂದು ಅಲ್ಲಾಡಿಸಿ ನೋಡಿ ಹೋಗುತ್ತಿದ್ದ. ಅವಳು ಮಗ್ಗುಲಾಗಿ ನಿದ್ದೆ ಬಂದವಳಂತೆ ನಟಿಸುತ್ತಿದ್ದಳು. ಬೀಗದ ಮುದುಕನೊಬ್ಬನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ನೋಡಿಕೊಳ್ಳಲು ಸೇರಿದವಳು ಕೊರೆಯುವುದನ್ನೂ ಕಲಿತು, ಮುದುಕ ಕಸುಬು ಬಿಟ್ಟ ಮೇಲೆ ಅಂಗಡಿಯನ್ನೂ ಮೇಲಿನ ಮನೆಯನ್ನೂ ಹಿಡಿದದ್ದು ಹೋದ ವರ್ಷ. ಈ ಮನೆಗೆ ಬಂದ ಮೊದಲ ದಿನ ಅವಳು ಪಾತ್ರೆ ಇಳಿಸುವ ಮುಂಚೆ ಮಾಡಿದ ಕೆಲಸ ಬಾಗಿಲಿಗೆ ಮೂರು ಚಿಲಕ ಬಡಿದದ್ದು. ಒಂದು ಸಾಕಿತ್ತು. ಉಳಿದ ಎರಡು ಕಳೆದ ವರ್ಷಗಳ ಬಾಕಿ.

"ಅಣ್ಣಾ, ಆ ಕಂಬಿ ಬಿಡು."

"ಇರು, ಇಲ್ಲೇನೋ ಸದ್ದು ಬರ್ತಿದೆ."

"ನೀನು ಅಲ್ಲಾಡಿಸ್ತಿದ್ದೀಯಲ್ಲ, ಅದಕ್ಕೇ ಬರ್ತಿದೆ!"

ಕಂಬಿ ಗೋಡೆಯಿಂದ ಬಿಟ್ಟುಕೊಂಡು ಅಣ್ಣನ ಕೈಗೆ ಬಂತು. ಅವನು ಅದನ್ನು ಸತ್ತ ಹಾವಿನ ಹಾಗೆ ಹಿಡಿದುಕೊಂಡು ಅವಳ ಕಡೆ ತಿರುಗಿದ. ಮುಖದಲ್ಲಿ ಗೆದ್ದವನ ಕಳೆ. "ನೋಡು! ಇದನ್ನ ನಂಬಿಕೊಂಡು ಬಟ್ಟೆ ಒಣಗಿಸ್ತಿದ್ದೆ ನೀನು."

"ಒಣಗಿಸ್ತಿದ್ದೆ. ಚೆನ್ನಾಗೇ ಒಣಗ್ತಿತ್ತು."

"ಬೀಗದಕ್ಕಾ," ಎದುರಿನ ಕಿಟಕಿಯಿಂದ ದರ್ಜಿ ಕೂಗಿದ, "ಮನೆ ಬಿಚ್ಚಿ ಬೇರೆ ಕಡೆ ಸಾಗಿಸ್ತಿದ್ದೀರಾ?"

"ನೀನು ನಿನ್ನ ಗುಂಡಿ ಹೊಲಿದ್ಕೋ ಹೋಗಯ್ಯಾ!"

ಅವಳು ಅಣ್ಣನ ಕೈಯಿಂದ ಕಂಬಿ ಕಿತ್ತುಕೊಂಡು ಮೂಲೆಗಿಟ್ಟಳು. ಅವನ ಎರಡೂ ಭುಜ ಹಿಡಿದು ಒಳಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿದಳು. ಪುಟ್ಟ ಮಗುವಿಗೆ ಹೇಳುವಂತೆ, "ಇಲ್ಲಿ. ಕೂತಿರು," ಎಂದಳು. ಅಣ್ಣ ಕೂತ. ಕೂತಲ್ಲಿಂದಲೇ ಪಕ್ಕದ ಗೋಡೆಯನ್ನು ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದ. ಕಿವಿಯೊಡ್ಡಿದ. ಇನ್ನೊಂದು ಕಡೆ ಬಡಿದ. ಕಿಟಕಿಯ ಕೆಳಗಿನ ಒದ್ದೆ ಭಾಗವನ್ನು ಮುಷ್ಟಿಯಿಂದ ಗುದ್ದಿದ. ತಟ್ಟೆಯಗಲದ ಗಾರೆ ಬಿಟ್ಟುಕೊಂಡು ನೆಲದ ಮೇಲೆ ಪುಡಿಯಾಯಿತು.

"ಟೊಳ್ಳು," ಎಂದ ಅಣ್ಣ, ತೃಪ್ತಿಯಿಂದ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ಗೋಡೆಗೆ ಅವಳು ತಾನೇ ಬಣ್ಣ ಹೊಡೆದಿದ್ದಳು. ಅಂಗಡಿ ಮುಚ್ಚಿದ ಮೇಲೆ ದಿನಕ್ಕೆ ಒಂದಿಷ್ಟು, ದಿನಕ್ಕೆ ಒಂದಿಷ್ಟು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಸಿಗ್ನಲ್ಲು ವಾಪಸು ಬಂದಿತ್ತು. ಅತ್ತಿಗೆ.

"ಇದೀಯೇನೇ? ಸುಖವಾಗಿದೀಯಾ?"

"ಗಾಳಿ ಮಟ್ಟಿಗೆ ಸುಖವಾಗಿದೀನಿ ಅತ್ತಿಗೆ."

ಅತ್ತಿಗೆಗೆ ಅರ್ಥವಾಯಿತು. ಒಂದು ದೀರ್ಘ ಉಸಿರು ಕೇಳಿಸಿತು. "ಅಲ್ಲಿಗೇ ಬಂದಿದ್ದಾರಾ? ಸದ್ಯ. ಇಟ್ಕೊಂಡಿರು ಮಾರಾಯ್ತಿ, ಸಂಜೆವರೆಗಾದ್ರೂ ಇಟ್ಕೊಂಡಿರು. ನಮ್ಮನೆ ನಲ್ಲಿ ಕಿತ್ತು ಬಂದಿದೆ. ಗಾಳಿಗಲ್ಲ, ಇವರಿಗೆ. ಅಡುಗೆಮನೆ ಕಪಾಟಿನ ಒಂದು ಕದ ಅಂಗಳದಲ್ಲಿದೆ. ಇನ್ನು ಒಲೆ ಕಡೆ ಹೊರಟಿದ್ರು, ಪೊರಕೆ ತಗೊಂಡು ಅಡ್ಡ ನಿಂತೆ ನೋಡು. ಆಗ ನಿನ್ನ ನೆನಪಾಯ್ತು ಅವರಿಗೆ."

"ಹಾಗಾದ್ರೆ ನನ್ನ ಮೇಲಿನ ಪ್ರೀತಿಗೆ ಬಂದಿದ್ದಲ್ಲ."

"ಅಯ್ಯೋ, ಹಾಗನ್ಬೇಡ. ರಾತ್ರಿಯೆಲ್ಲ ಮಲಗಿಲ್ಲ ಈ ಮನುಷ್ಯ. ಪುಟ್ಟಿ ಒಬ್ಬಳೇ, ಪುಟ್ಟಿ ಒಬ್ಬಳೇ ಅಂತ ಬಾಗಿಲಿಗೂ ಕಿಟಕಿಗೂ ಓಡಾಡಿದ್ದೇ ಓಡಾಡಿದ್ದು. ಹಿಂದಿನ ಕೋಣೆ ಗುಡಿಸಿ ಹಾಸಿಗೆ ಹಾಸಿಟ್ಟೇ ಹೋಗಿದ್ದಾರೆ. ಹೊಸ ದಿಂಬಿನ ಚೀಲ ಹಾಕಿದ್ದಾರೆ ಕಣೇ, ಇವರೇ, ಇವರ ಕೈಯಾರೆ! ಬರ್ತೀಯಾ ಹೇಗೆ?"

ದಿಂಬಿನ ಚೀಲದ ಮಾತು ಕೇಳಿ ಬೀಗದಕ್ಕನಿಗೆ ಸಿಟ್ಟು ಇನ್ನೂ ಹೆಚ್ಚಾಯಿತು. ಬರೀ ತಲೆಹರಟೆಯಾಗಿದ್ದರೆ ಬೈದು ಕಳಿಸಬಹುದಿತ್ತು. ಇದಕ್ಕೆ ಏನು ಮಾಡುವುದು?

"ಇಲ್ಲ ಅತ್ತಿಗೆ. ಇಲ್ಲಿ ಎಲ್ಲ ಸರಿಯಾಗಿ—"

ಧೊಪ್ಪೆಂದು ಸದ್ದಾಯಿತು. ಮನೆಯೆಲ್ಲ ಬಿಳಿ ಧೂಳು.

ಅವಳು ಫೋನು ಹಿಡಿದೇ ತಿರುಗಿದಳು. ಅಣ್ಣ ಸ್ಟೂಲಿನ ಮೇಲೆ ಇರಲಿಲ್ಲ, ಅಂದರೆ ಕೂತಿರಲಿಲ್ಲ, ಅದರ ಮೇಲೆ ಹತ್ತಿ ನಿಂತಿದ್ದ. ಅವನ ಕೈಯಲ್ಲಿ ಕೊಡೆ ಈಟಿಯ ಹಾಗೆ ಮೇಲಕ್ಕೆ ಚಾಚಿತ್ತು. ಛಾವಣಿಯಲ್ಲಿ ಅವಳು ಮನೆಗೆ ಬಂದ ದಿನದಿಂದ ನೋಡುತ್ತಿದ್ದ ಹಳೆಯ ನೀರಿನ ಕಲೆಯೊಂದಿತ್ತು, ಈಗ ಕಲೆಯಿರಲಿಲ್ಲ. ಕಲೆಯಿದ್ದ ಜಾಗವೇ ಇರಲಿಲ್ಲ. ಮೊರದಗಲದ ಗಾರೆ ಅವಳ ಒಣ ಹಾಸಿಗೆಯ ಮೇಲೆ ಬಿದ್ದು ಚೂರಾಗಿತ್ತು. ಮೇಲೆ, ತುಕ್ಕು ಹಿಡಿದ ಎರಡು ಕಬ್ಬಿಣದ ಸರಳು, ಬಡಕಲು ದನದ ಪಕ್ಕೆಲುಬಿನ ಹಾಗೆ.

"ಏನೇ ಅದು ಸದ್ದು?" ಎಂದಳು ಅತ್ತಿಗೆ.

"ಅಣ್ಣ," ಎಂದು ಹೇಳಿ ಬೀಗದಕ್ಕ ಫೋನಿಟ್ಟಳು.

ಅಣ್ಣನ ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿತ್ತು. "ಸುಮ್ನೆ ಒಂದು ಸಲ ತಿವಿದೆ ಪುಟ್ಟಿ," ಎಂದ. "ನೀನು ಕೆಳಗೆ ಮಲಗಿದ್ದಿದ್ದರೆ?"

"ನಾನು ಕೆಳಗೆ ಮಲಗಿದ್ದಿದ್ದರೆ ನೀನು ತಿವೀತಿದ್ಯಾ?"

ಅಣ್ಣ ಇದನ್ನು ಯೋಚಿಸಿದ. "ಎಬ್ಬಿಸಿ ತಿವೀತಿದ್ದೆ," ಎಂದ.

ಅವಳು ಅಳಬೇಕೋ ಕಿರುಚಬೇಕೋ ತಿಳಿಯದೆ ಪೊರಕೆ ಎತ್ತಿಕೊಂಡಳು. ಬಾಗಿಲು ಒಂದೇ ತಿರುಗಣಿಯ ಮೇಲೆ ಕುಡುಕನ ಹಾಗೆ ವಾಲಿತ್ತು. ಬಾಲ್ಕನಿ ಬೋಳಾಗಿತ್ತು. ಗೋಡೆಗೆ ಗಾಯ, ಛಾವಣಿಗೆ ತೂತು. ರಾತ್ರಿಯೆಲ್ಲ ಹೊಡೆದು ಹೊಡೆದು ಬಿರುಗಾಳಿ ಮಾಡಲಾಗದ್ದನ್ನು ಒಬ್ಬ ಅಣ್ಣ, ಅಡ್ಡ ನಿಂತು ಕೂಗುವ ಒಬ್ಬ ತಂಗಿಯ ಎದುರಿಗೇ ಮಾಡಿ ಮುಗಿಸಿದ್ದ. ಗುಡಿಸಿ ಬಚ್ಚಿಡಬಹುದೇ ಎಂದು ನೋಡಿದಳು. ನೆಲವನ್ನು ಗುಡಿಸಬಹುದು. ಛಾವಣಿಯನ್ನು ಏನು ಮಾಡುವುದು, ಸೀರೆ ಉಡಿಸುವುದೇ?

ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು.

ಇಂಜಿನಿಯರಮ್ಮ ಸಣ್ಣಗೆ, ಚುರುಕಾಗಿದ್ದಳು, ತುಂಬ ದಣಿದಿದ್ದಳು. ಮೊಣಕಾಲಿನವರೆಗಿನ ರಬ್ಬರ್ ಬೂಟು, ಒಂದು ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಹಸಿರು. ವಾಲಿದ ಬಾಗಿಲನ್ನು ನೋಡಿದಳು, ಬಾಲ್ಕನಿಯ ಕಡೆ ನೋಡಿದಳು, ಛಾವಣಿ ನೋಡಿದಳು. ಹಸಿರು ಡಬ್ಬಿಯನ್ನು ಕೆಳಗಿಟ್ಟಳು.

"ಮೇಡಂ," ಎಂದಳು ಬೀಗದಕ್ಕ, ಪೊರಕೆ ಹಿಡಿದುಕೊಂಡೇ, "ಇದು ಯಾವುದೂ ಗಾಳಿಗೆ ಆಗಿದ್ದಲ್ಲ. ಗಾಳಿಗೆ ಹೋಗಿದ್ದು ಆ ಗಾಜು, ಆಮೇಲೆ ಅಡುಗೆಮನೆ ತಗಡಿನ ತುದಿ. ಉಳಿದಿದ್ದೆಲ್ಲ ಈಗ, ಇವತ್ತು ಬೆಳಿಗ್ಗೆ, ನಮ್ಮಣ್ಣ ಕೆಡವಿದ್ದು."

ಇಂಜಿನಿಯರಮ್ಮ ಬಣ್ಣದ ಡಬ್ಬಿಯ ಮುಚ್ಚಳ ತಿರುಗಿಸುತ್ತಲೇ ಇದ್ದಳು. "ಅಮ್ಮಾ, ಈ ಬೀದೀಲಿ ಯಾರ ಮನೇಲೂ ಗಾಳಿಗೆ ಏನೂ ಬಿದ್ದಿಲ್ಲ. ಮೊದಲನೇ ಮನೇಲಿ ಬೆಕ್ಕು ಕೆಡವಿದ್ದು. ಆಚೆ ಮನೇಲಿ ಮೊಮ್ಮಗ ಚೆಂಡು ಹೊಡೆದಿದ್ದು. ಮೂಲೆ ಮನೇಲಿ ಗೋಡೇನೇ ಇಲ್ಲ, ಕೇಳಿದ್ರೆ ಮೊದಲಿಂದಲೂ ಹಾಗೇ ಅಂದ್ರು. ಈಗ ಅಣ್ಣ."

"ನಿಜವಾಗ್ಲೂ ಮೇಡಂ!"

"ಎಲ್ಲರೂ ನಿಜವಾಗ್ಲೂ ಅಂತಾರೆ." ಅವಳು ಛಾವಣಿಯ ಕೆಳಗೆ ನಿಂತು ಕತ್ತು ಎತ್ತಿದಳು. ದನಿ ಮೆತ್ತಗಾಯಿತು. "ನನಗೂ ನಿಮ್ಮನ್ನ ಹೊರಗೆ ಹಾಕೋ ಆಸೆ ಏನಿಲ್ಲಮ್ಮ. ಸಣ್ಣಪುಟ್ಟದ್ದು ಬಿಡಿ. ಇದನ್ನ ನೋಡಿ. ಗಾಳಿಗೆ ಮನೆ ಅಲುಗಾಡಿ ಇಷ್ಟು ದೊಡ್ಡ ಚೂರು ತಾನಾಗಿ ಉದುರಿದೆ ಅಂದ್ರೆ ಉಳಿದಿದ್ದೂ ಉದುರುತ್ತೆ ಅಂತ ಅರ್ಥ. ಅದರ ಕೆಳಗೆ ನಾನು ನಿಮ್ಮನ್ನ ಮಲಗಿಸೋಕಾಗಲ್ಲ."

"ಕೆಂಪು ಅಂದ್ರೆ ಎಷ್ಟು ದಿನ?"

"ರಿಪೇರಿ ಆಗಬೇಕು. ನಾವು ಬಂದು ನೋಡಬೇಕು." ಅವಳು ಹೇಳಲೋ ಬೇಡವೋ ಎಂದು ತಡೆದು ಹೇಳಿದಳು. "ಹೋದ ಸಲದ ಗಾಳಿಯ ಕೆಂಪು ಮನೆಗಳೇ ಇನ್ನೂ ಮುಗಿದಿಲ್ಲ."

ಅಂದರೆ ಹಿಂದಿನ ಕೋಣೆ. ಅಂಗಡಿಗೆ ಬೀಗ. ರಾತ್ರಿ ಎರಡು ಸಲ ತಳ್ಳಿಕೊಳ್ಳುವ ಬಾಗಿಲು. ಹೊಸ ದಿಂಬಿನ ಚೀಲ.

ಬೀಗದಕ್ಕ ಅಣ್ಣನ ಕಡೆ ನೋಡಿದಳು. ಅವನು ಸ್ಟೂಲಿನಿಂದ ಇಳಿದು, ಕೊಡೆಯನ್ನು ಬೆನ್ನ ಹಿಂದೆ ಹಿಡಿದು, ಗೋಡೆಗೆ ಅಂಟಿಕೊಂಡು ನಿಂತಿದ್ದ. ಒಂದು ಮಾತೂ ಆಡುತ್ತಿರಲಿಲ್ಲ. ಬೆಳಗಿನಿಂದ ಬಾಯಿ ಮುಚ್ಚದ ಮನುಷ್ಯ. ಅವನು ಸುಮ್ಮನಿದ್ದರೆ ಸಾಕಿತ್ತು, ಎಲ್ಲ ಅವನು ಬಯಸಿದ ಹಾಗೇ ಆಗುತ್ತಿತ್ತು. ಸುಳ್ಳು ಕೂಡ ಹೇಳಬೇಕಾಗಿರಲಿಲ್ಲ. ಅವಳು ಅವನನ್ನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡು ಹೇಳಿಸಿದರೆ ಇಂಜಿನಿಯರಮ್ಮ ನಂಬುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಅವಳಿಗೆ ಸಾಕಾಗಿಹೋಗಿತ್ತು.

ಕೆಂಪು ಬಣ್ಣದ ಡಬ್ಬಿಯ ಮುಚ್ಚಳ ಟಪ್ಪೆಂದು ತೆರೆದುಕೊಂಡಿತು. ಇಂಜಿನಿಯರಮ್ಮ ಕುಂಚ ಅದ್ದಿದಳು.

"ಇಳಿಸೋವಾಗ ಒಡೆದಿದ್ದು," ಎಂದ ಅಣ್ಣ.

"ಏನು?"

ಅಣ್ಣ ಗಂಟಲು ಸರಿಮಾಡಿಕೊಂಡ. "ದಾರೀಲಿ ಒಡೆದಿದ್ದು ಬೇರೆ, ಇಳಿಸೋವಾಗ ನಮ್ಮ ಕೈಯಲ್ಲಿ ಒಡೆದಿದ್ದು ಬೇರೆ ಮೇಡಂ. ನಮ್ಮ ಕೈಯಲ್ಲಿ ಒಡೆದಿದ್ದನ್ನ ನಾನು ಯಾವತ್ತೂ ರೈಲಿನ ತಲೆಗೆ ಕಟ್ಟಿದೋನಲ್ಲ. ಅದನ್ನ ನಾನೇ ಕೆಡವಿದ್ದು. ಈ ಕೊಡೆಯಲ್ಲಿ."

ಇಂಜಿನಿಯರಮ್ಮ ಅವನ ಬಿಳಿ ಹುಬ್ಬನ್ನೂ ಬಿಳಿ ಮೀಸೆಯನ್ನೂ ಆಗ ಮೊದಲ ಸಲ ಸರಿಯಾಗಿ ನೋಡಿದಳು. "ನೀವು? ಯಾಕೆ?"

"ಗಟ್ಟಿ ಇದೆಯಾ ಅಂತ ನೋಡೋಕೆ."

"ಗಟ್ಟಿ ಇತ್ತಾ?"

"ಒಂದು ತಿವಿತಕ್ಕೆ ಬೀಳಲಿಲ್ಲ," ಎಂದ ಅಣ್ಣ. ತಂಗಿಗೆ ಒಂದೇ ಸಲ ಎಂದು ಹೇಳಿದ್ದು ನೆನಪಾಗಿ ಅವಳ ಕಡೆ ನೋಡಲಿಲ್ಲ. "ಐದಾರು ಸಲ ಜೋರಾಗಿ ತಿವೀಬೇಕಾಯ್ತು. ಇರಿ, ತೋರಿಸ್ತೀನಿ." ಎಂದವನೇ ಕೊಡೆ ಎತ್ತಿ ಸ್ಟೂಲಿನ ಮೇಲೆ ಕಾಲಿಟ್ಟ.

"ಬೇಡ!" ಇಬ್ಬರೂ ಹೆಂಗಸರು ಒಟ್ಟಿಗೆ ಕಿರುಚಿದರು.

ಇಂಜಿನಿಯರಮ್ಮ ಕೊಡೆಯನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಸ್ಟೂಲು ಹತ್ತಿದಳು. ತೂತಿನ ಸುತ್ತ ಕೈಯಾಡಿಸಿ ನೋಡಿದಳು. ಕೊಡೆಯ ತುದಿ ಗಾರೆಯಲ್ಲಿ ಕೊರೆದ ಗುಳಿಗಳಿದ್ದವು, ಒಂದರ ಪಕ್ಕ ಒಂದು. ಕೊಡೆಯ ತುದಿಯಲ್ಲೂ ಸುಣ್ಣ ಮೆತ್ತಿಕೊಂಡಿತ್ತು. ಅವಳು ಕೆಳಗಿಳಿದಳು. ಬಹಳ ಹೊತ್ತಿನ ಮೇಲೆ ಅವಳ ಮುಖದ ಮೇಲೆ ನಗುವಿನಂಥದ್ದೇನೋ ಬಂತು, ಆದರೆ ದಣಿವು ಅದನ್ನು ಅಲ್ಲೇ ಹಿಡಿದು ನಿಲ್ಲಿಸಿತು.

"ಹಾಸಿಗೆಯನ್ನ ಆ ಗೋಡೆ ಕಡೆ ಸರಿಸ್ಕೊಳ್ಳಿ," ಎಂದು ಬೀಗದಕ್ಕನಿಗೆ ಹೇಳಿದಳು. "ಗಾರೆಯವರನ್ನ ಕರೆಸಿ ಇದನ್ನ ಮುಚ್ಚಿಸಿ. ತಗಡಿಗೆ ಇವತ್ತೇ ಒಂದು ಕಲ್ಲು ಹೇರಿ. ಬಾಲ್ಕನಿಗೆ ಕಂಬಿ ಕೂರೋವರೆಗೆ ಆ ಕಡೆ ಹೋಗಬೇಡಿ." ಆಮೇಲೆ ಕೆಂಪು ಡಬ್ಬಿ ಮುಚ್ಚಿ, ಹಸಿರು ಡಬ್ಬಿ ತೆಗೆದು, ವಾಲಿದ ಬಾಗಿಲನ್ನು ಮೊಣಕೈಯಿಂದ ಒತ್ತಿ ಹಿಡಿದು ಅಂಗೈಯುದ್ದದ ಗೀಟೆಳೆದಳು. ಹೊರಗೆ ಹೋಗುತ್ತಾ ಮೆಟ್ಟಿಲ ಮೇಲೆ ನಿಂತು ಅಣ್ಣನ ಕಡೆ ತಿರುಗಿದಳು. "ಸಾರ್, ಮುಂದಿನ ಮನೆಗಳಿಗೆ ನಾನೊಬ್ಬಳೇ ಹೋಗ್ತೀನಿ. ನೀವು ದಯವಿಟ್ಟು ಬರಬೇಡಿ."

ಅವಳ ಬೂಟುಗಳು ಇಳಿದುಹೋದವು. ಕೆಳಗೆ ದರ್ಜಿ ಏನೋ ಕೇಳಿದ, ಅವಳು ಏನೋ ಹೇಳಿದಳು, ದರ್ಜಿ ಹೋ ಎಂದು ನಕ್ಕ.

ಬೀಗದಕ್ಕ ಒಲೆಯ ಮೇಲಿನ ಪಾತ್ರೆಯ ಮಳೆನೀರು ಚೆಲ್ಲಿ ಚಹಾಕ್ಕಿಟ್ಟಳು. ಎರಡು ಲೋಟ ತಂದು ಒಂದನ್ನು ಅಣ್ಣನ ಮುಂದಿಟ್ಟಳು. ಅವನು ಮುಖ ತೊಳೆದುಕೊಂಡಿದ್ದ. ಒಂದು ಕಿವಿಯಲ್ಲಿ ಮಾತ್ರ ಸುಣ್ಣ ಉಳಿದಿತ್ತು.

"ಸುಮ್ನಿರಬಹುದಿತ್ತು ನಾನು," ಎಂದ ಅಣ್ಣ, ಚಹಾ ನೋಡುತ್ತಾ.

"ಇರಬಹುದಿತ್ತು."

"ನೀನು ನಮ್ಮನೆಗೆ ಬರ್ತಿದ್ದೆ."

"ಬರ್ತಿದ್ದೆ. ಬೇರೆ ಎಲ್ಲಿಗೆ ಹೋಗ್ತಿದ್ದೆ?"

"ಹಾಸಿಗೆ ಹಾಸಿದ್ದೆ."

"ಅತ್ತಿಗೆ ಹೇಳಿದ್ರು." ಅವಳು ಒಂದು ಗುಟುಕು ಕುಡಿದಳು. "ಹೇಳಿದೆಯಲ್ಲ ಅಣ್ಣಾ. ಅಷ್ಟು ಸಾಕು."

ಅಣ್ಣ ಚಹಾ ಕುಡಿದ. ಅರ್ಧ ಲೋಟಕ್ಕೆ ಅವನ ಬೆನ್ನು ನೆಟ್ಟಗಾಯಿತು. ಪೂರ್ತಿ ಲೋಟಕ್ಕೆ ಅವನ ಕಣ್ಣು ಕೋಣೆಯ ಸುತ್ತ ಓಡಾಡತೊಡಗಿತು: ತಿರುಗಣಿ, ಬಾಲ್ಕನಿ, ಗೋಡೆ, ಛಾವಣಿ. ಆ ಕಣ್ಣಿನಲ್ಲಿ ಪಶ್ಚಾತ್ತಾಪ ಹುಡುಕಿದ ಬೀಗದಕ್ಕನಿಗೆ ಸಿಕ್ಕಿದ್ದು ಹುರುಪು.

"ಬಾಗಿಲು ಸರಿಯಾಗಿ ಕೂರಲ್ಲ ಪುಟ್ಟಿ. ಚಿಲಕ ಹತ್ತೋದಿಲ್ಲ."

"ತಿರುಗಣಿ ನಾನು ಹಾಕ್ಕೋತೀನಿ. ನನ್ನ ಕಸುಬೇ ಅದು."

"ತಗಡಿನ ಮೇಲೆ ಕಲ್ಲು ಇಡಬೇಕು. ನೀನು ಹತ್ತೋಕಾಗಲ್ಲ."

"ದರ್ಜಿಗೆ ಹೇಳ್ತೀನಿ."

"ದರ್ಜಿ!" ಅಣ್ಣ ಕೈಯಾಡಿಸಿದ. "ಅವನಿಗೆ ಬಟ್ಟೆ ಹೊಲಿಯೋಕೇ ಬರಲ್ಲ. ಹೀಗೆ ಮಾಡೋಣ. ನೀನು ಬರೋದು ಬೇಡ, ಒಪ್ಪಿದೆ. ನಾನೇ ಇಲ್ಲಿ ಬಂದಿರ್ತೀನಿ. ಒಂದು ಚಾಪೆ ಸಾಕು, ಇಲ್ಲೇ ಬಾಗಿಲ ಹತ್ರ ಬಿದ್ಕೋತೀನಿ. ಹಗಲು ಒಂದೊಂದೇ ನೋಡ್ತಾ ಬರೋದು, ಸರಿಮಾಡ್ತಾ ಬರೋದು. ಹದಿನೈದು ದಿನದಲ್ಲಿ ಮನೆ ಹೊಸದಾಗುತ್ತೆ. ಏನನ್ನೂ ಅಲ್ಲಾಡಿಸಲ್ಲ, ಆಣೆ."

ಆಣೆ ಎನ್ನುವಾಗ ಅವನ ಎಡಗೈ ಮೇಜಿನ ಅಂಚು ಹಿಡಿದು ಹಿಂದೆ ಮುಂದೆ, ಹಿಂದೆ ಮುಂದೆ ತೂಗುತ್ತಿತ್ತು. ಅದು ಅವನಿಗೇ ಗೊತ್ತಿರಲಿಲ್ಲ. ಲೋಟಗಳು ಗಿಲಿಗಿಲಿ ಎನ್ನುತ್ತಿದ್ದವು.

"ಮನೇಲಿ ನಿಮ್ಮತ್ತಿಗೆ ನನ್ನ ಕೈಗೆ ಏನೂ ಕೊಡಲ್ಲ ಪುಟ್ಟಿ," ಎಂದ ಅಣ್ಣ. ಈ ಸಲ ದನಿ ಬೇರೆಯಾಗಿತ್ತು. "ಬೆಳಿಗ್ಗೆ ಎದ್ದರೆ ಸಂಜೆ ಆಗೋದೇ ಇಲ್ಲ. ಇಲ್ಲಿ ನೋಡು, ಎಷ್ಟೊಂದು ಕೆಲಸ ಇದೆ."

ಬೀಗದಕ್ಕ ಅವನ ಕಿವಿಯಲ್ಲಿನ ಸುಣ್ಣ ನೋಡಿದಳು, ಕೆಸರು ಒಣಗಿ ಬಿರಿದ ಪ್ಯಾಂಟು ನೋಡಿದಳು. ಅರ್ಧ ಊರು ನಡೆದು ಬಂದವನು. ಕೆಂಪನ್ನು ಹಸಿರು ಮಾಡಿದವನು. ಅವನು ಹೇಳಿದ್ದೆಲ್ಲ ನಿಜ, ಅವನು ಕೇಳಿದ್ದು ಬಹಳ ಸಣ್ಣದು, ಹೂಂ ಎಂದರೆ ಅವನ ಮುಖ ಹೇಗೆ ಅರಳುತ್ತದೆ ಎಂಬುದೂ ಅವಳಿಗೆ ಕಾಣುತ್ತಿತ್ತು. ಇದೆಲ್ಲ ಕಂಡೂ ಅವಳು ಕೈ ಚಾಚಿ ಮೇಜನ್ನು ಹಿಡಿದು ನಿಲ್ಲಿಸಿದಳು.

"ಬೇಡ," ಎಂದಳು.

"ಹದಿನೈದು ಬೇಡ, ವಾರ."

"ಬೇಡ ಅಣ್ಣಾ."

"ಇವತ್ತೊಂದು ರಾತ್ರಿ? ಬಾಗಿಲು ಹೀಗಿರೋವಾಗ?"

"ಒಂದು ರಾತ್ರೀನೂ ಬೇಡ," ಎಂದು ಅವಳು ಕಿತ್ತುಬಂದಿದ್ದ ತಿರುಗಣಿಯನ್ನು ಕೈಗೆತ್ತಿಕೊಂಡಳು.